ಬೆಳ್ಳಿಯೂ ನಂಜಾಗುವ ಜಾಗ

ನಮ್ಮ ಕಡೆ ಕೂಸಿಗೆ ಹಾಲು, ಔಷಧಿ ಕುಡಿಸಲು ಬೆಳ್ಳಿಯ ಒಳಲೆ ಬಳಸುತ್ತಾರೆ. ಬೆಳ್ಳಿ ಮೈಗೆ ಒಗ್ಗುತ್ತದೆ ಎಂಬ ನಂಬಿಕೆ. ತಲೆಯ ಚರ್ಮದ ಮೇಲಿಂದ ಮಿದುಳಿನ ವಿದ್ಯುತ್ತನ್ನು ಅಳೆಯುವವರಿಗೂ ಬೆಳ್ಳಿಯ ಎಲೆಕ್ಟ್ರೋಡ್ ಅಚ್ಚುಮೆಚ್ಚು. ಅದೇ ಬೆಳ್ಳಿಯನ್ನು ಮಿದುಳಿನೊಳಗೇ ಇಟ್ಟರೆ?

1957ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಫಿಷರ್, ಸೇಯರ್, ಬಿಕ್‌ಫರ್ಡ್ ಇದನ್ನು ಬೆಕ್ಕುಗಳ ಮೇಲೆ ಪರೀಕ್ಷಿಸಿದರು. ಬರಿಯ ಲೋಹದ ತಂತಿಗಳನ್ನೂ ಪ್ಲಾಸ್ಟಿಕ್ ಹೊದಿಸಿದ ತಂತಿಗಳನ್ನೂ ಮಿದುಳಿನಲ್ಲಿಟ್ಟು, ಬಳಿಕ ಆ ಭಾಗವನ್ನು ತೆಳುವಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬೆಳ್ಳಿ, ತಾಮ್ರಗಳ ಸುತ್ತ ಅಂಗಾಂಶ ತೀವ್ರವಾಗಿ ಹಾಳಾಗಿತ್ತು. ಸ್ಟೇನ್‌ಲೆಸ್ ಸ್ಟೀಲನ್ನು ಮಿದುಳು ಹೆಚ್ಚುಕಡಿಮೆ ಸಹಿಸಿಕೊಂಡಿತ್ತು.

ಹೊದಿಕೆಗಳ ವಿಷಯದಲ್ಲಿ ತೀರ್ಪು ಇಷ್ಟು ಸಲೀಸಲ್ಲ. ಏನನ್ನೇ ಚುಚ್ಚಿದರೂ ಮಿದುಳಿಗೆ ಗಾಯವಾಗುತ್ತದೆ. ಹಾನಿಯಲ್ಲಿ ಚುಚ್ಚಿದ್ದರ ಪಾಲೆಷ್ಟು, ಒಳಗೆ ಉಳಿದ ವಸ್ತುವಿನ ಪಾಲೆಷ್ಟು? 2005ರಲ್ಲಿ ಯೂಟಾದ ಬಿರಾನ್, ಮಾರ್ಟಿನ್, ಟ್ರೆಸ್ಕೊ ಇಲಿಗಳಲ್ಲಿ ಈ ಲೆಕ್ಕವನ್ನು ಬಿಡಿಸಿದರು. ಕೆಲವಕ್ಕೆ ಸಿಲಿಕಾನ್ ಎಲೆಕ್ಟ್ರೋಡನ್ನು ಚುಚ್ಚಿ ತೆಗೆದರು, ಕೆಲವಕ್ಕೆ ಒಳಗೇ ಬಿಟ್ಟರು. ಬಿಟ್ಟಲ್ಲಿ ಉರಿಯೂತ ಆರಲಿಲ್ಲ, ಸುತ್ತಲಿನ ನರಕೋಶಗಳು ಕಡಿಮೆಯಾದವು. ಚುಚ್ಚಿ ತೆಗೆದಲ್ಲಿ ಅಂಥ ನಷ್ಟ ಕಾಣಲಿಲ್ಲ. ಸರಳ ಹೋಲಿಕೆ. ಆದರೆ ಇದನ್ನು ಓದಿದ ಮೇಲೆ, ‘ಜೈವಿಕವಾಗಿ ಹೊಂದುವ ವಸ್ತು’ ಎಂದು ಎಲ್ಲಿ ಕಂಡರೂ ‘ಎಷ್ಟು ದಿನ? ಯಾವುದಕ್ಕೆ ಹೋಲಿಸಿ?’ ಎಂದು ಕೇಳುವುದು ನನಗೆ ಚಾಳಿಯಾಗಿದೆ.

ಪ್ಯಾರಿಲೀನನ್ನೇ ನೋಡಿ. 1947ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮೈಕೆಲ್ ಶ್ವಾರ್ಟ್ಸ್ ಕಂಡುಹಿಡಿದ ಪ್ಲಾಸ್ಟಿಕ್ ಇದು. ಆವಿಯ ರೂಪದಲ್ಲಿ ಬಂದು ಸೂಜಿಯ ಮೇಲೆ ಮೈಕ್ರಾನ್ ದಪ್ಪದ ಪದರವಾಗಿ ಕೂರುತ್ತದೆ. 1970ರ ದಶಕದಲ್ಲಿ ಪ್ರಾಣಿಗಳ ಪರೀಕ್ಷೆಯಲ್ಲಿ ಒಳ್ಳೆಯ ಹೆಸರು ಪಡೆಯಿತು. 2004ರಲ್ಲಿ ಕೈಕಾಲಿನ ಸ್ವಾಧೀನವಿಲ್ಲದ ಮ್ಯಾಥ್ಯೂ ನೇಗಲ್ ಅವರ ಮಿದುಳಿಗೆ ಇಳಿಸಿದ ನೂರು ಸೂಜಿಗಳ ಎಲೆಕ್ಟ್ರೋಡ್ ಇಂಥದ್ದೇ ಹೊದಿಕೆಯ ಜಾತಿಯದು. ಬರೀ ಯೋಚನೆಯಿಂದ ಅವರು ಪರದೆಯ ಮೇಲೆ ಕರ್ಸರ್ ಓಡಿಸಿದರು.

ಆದರೆ 2016ರಲ್ಲಿ, ಬಹಳ ಕಾಲ ಮಂಗಗಳ ಮಿದುಳಿನಲ್ಲಿದ್ದ ಅಂಥ ಎಲೆಕ್ಟ್ರೋಡ್‌ಗಳನ್ನು ಹೊರತೆಗೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಪ್ಯಾರಿಲೀನ್ ಬಿರುಕು ಬಿಟ್ಟಿತ್ತು. ಮಿದುಳಿಗೆ ಹೊದಿಕೆ ನಂಜೇ ಎಂದು ನಾವು ಕೇಳುತ್ತ ಬಂದಿದ್ದೆವು. ಹೊದಿಕೆಗೆ ಮಿದುಳು ನಂಜೇ ಎಂದು ಕೇಳಿದ್ದು ಕಡಿಮೆ.

ಬಿರುಕಿಗಾಗಿ ವರ್ಷಗಟ್ಟಲೆ ಕಾಯುವುದು ಹೇಗೆ? ಮೊದಲು ಬಿಸಿ ಉಪ್ಪುನೀರಿನಲ್ಲಿ ನೆನೆಸಿಡುತ್ತಿದ್ದರು. ಉಪ್ಪುನೀರಿಗೆ ರೋಗನಿರೋಧಕ ಕೋಶಗಳ ಸಿಟ್ಟಿಲ್ಲವಲ್ಲ! ಹಾಗಾಗಿ 2015ರಲ್ಲಿ ಅಮೆರಿಕದ ಎಫ್‌ಡಿಎ ವಿಜ್ಞಾನಿಗಳು ಆ ನೀರನ್ನು 87 ಡಿಗ್ರಿಗೆ ಕಾಯಿಸಿ, ಅದಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದರು. ಗಾಯ ತೊಳೆಯಲು ಬಳಸುವ, ನೊರೆ ಬರುವ ಅದೇ ದ್ರವ.