ದಿಬ್ಬ: ಬಳ್ಳಾರಿ ಸೀಮೆಯ ಒಂದು ನೆಲವಾಚಕ

ಬಳ್ಳಾರಿ ನಗರದ ಕೋಟೆಯನ್ನು ಹೊತ್ತ ಬಂಡೆ ಜನರ ಮಾತಿನಲ್ಲಿ ಗುಡ್ಡ. ಕುರುಗೋಡಿನ ಕಲ್ಲುಬಂಡೆಗಳ ಸಾಲೂ ಗುಡ್ಡವೇ. ಆದರೆ ಕುಡತಿನಿಯ ಬಳಿಯಿರುವ ಪ್ರಾಚೀನ ಬೂದಿಯ ರಾಶಿ 'ಬೂದಿದಿಬ್ಬ'. ಹಂಪೆಯಲ್ಲಿ ಅರಸರು ಕಟ್ಟಿಸಿದ ಎತ್ತರದ ಜಗಲಿ 'ಮಹಾನವಮಿ ದಿಬ್ಬ'. ಸಹಜವಾಗಿ ಏರಿದ ನೆಲವನ್ನೂ ದಿಬ್ಬವೆನ್ನುವುದುಂಟು. ಅದು ಅನಂತರದ ಅರ್ಥವಿಸ್ತಾರವೆಂದೂ, ಒಟ್ಟಿದ್ದು, ಪೇರಿಸಿದ್ದು ಎಂಬುದೇ ಈ ಪದದ ಮೂಲಾರ್ಥವೆಂದೂ ನಮ್ಮ ಅಭಿಪ್ರಾಯ.

ಗಡಿಸೀಮೆಯ ಪದವೆಂಬ ಕಾರಣಕ್ಕೆ ದಿಬ್ಬವನ್ನು ತೆಲುಗಿನ ಎರವಲೆಂದು ತಳ್ಳಿಬಿಡುವುದು ಸುಲಭ. ತೆಲುಗಿನಲ್ಲಿ ತಿಪ್ಪ, ದಿಬ್ಬ ಎರಡೂ ಇವೆ. ತಮಿಳಿನಲ್ಲಿ ತಿಪ್ಪೈ ಎಂದರೆ ಮೇಡು. ಕನ್ನಡದ್ದೇ ಆದ ರೂಪ ನಮ್ಮ ಕೇರಿಯಲ್ಲೇ ಇದೆ: ತಿಪ್ಪೆ. ದ್ರಾವಿಡ ಪದಗಳ ಆದಿಯಲ್ಲಿ ಘೋಷವ್ಯಂಜನ ಸಾಮಾನ್ಯವಾಗಿ ಈಚಿನದಾದ್ದರಿಂದ 'ದಿಬ್ಬ' ಎಂಬ ರೂಪ ತೆಲುಗಿನಿಂದ ಬಂದಿದ್ದರೂ ಇರಬಹುದು. ಬೇರು ಮಾತ್ರ ಎಲ್ಲರದು.

ಈ ಸಂಬಂಧಕ್ಕೆ ನೆಲದ ಸಾಕ್ಷ್ಯವೂ ಇದೆ. ಹಂಪೆಯ ಸಮೀಪದ ನಿಂಬಾಪುರದ ಬೂದಿದಿಬ್ಬವನ್ನು ಜನಪದರು ವಾಲಿಯ ಚಿತಾಭಸ್ಮವೆಂದು ನಂಬಿದ್ದಾರೆ. ಇಂಥ ದಿಬ್ಬಗಳು ಸುಟ್ಟ ಸಗಣಿಯ ರಾಶಿಗಳೆಂದು ರಾಬರ್ಟ್ ಬ್ರೂಸ್ ಫೂಟ್ ಊಹಿಸಿದ್ದರು. 1957ರಲ್ಲಿ ಉತನೂರಿನ ಉತ್ಖನನ ನಡೆಸಿದ ಆಲ್ಚಿನ್ ಅವು ನವಶಿಲಾಯುಗದ ಪಶುಪಾಲಕರ ದನದ ದೊಡ್ಡಿಗಳೆಂದು ತೋರಿಸಿ, 1963ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಎಂದರೆ ಬೂದಿದಿಬ್ಬ ಮೂಲತಃ ತಿಪ್ಪೆಯೇ. ಹೆಸರಿಟ್ಟವರಿಗೆ ಇದು ತಿಳಿದಿತ್ತೆಂದು ವಾದಿಸಲಾಗದು. ರಾಶಿಯ ಆಕಾರವಷ್ಟೇ ಅವರ ಕಣ್ಣಿಗೆ ಬಿದ್ದಿರಬೇಕು.

ತಿಪ್ಪೆ ಹೀನಾರ್ಥದ ಪದವೆಂಬುದು ಪೇಟೆಯವರ ಎಣಿಕೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು, ತಿಪ್ಪಣ್ಣ, ತಿಪ್ಪಮ್ಮ ಎಂದು ಹೆಸರಿಡುವ ರೂಢಿ ಈ ಭಾಗದಲ್ಲಿತ್ತು. ಸಾವು ಮುಟ್ಟದಿರಲೆಂದು ತಾಯಂದಿರು ಆಶ್ರಯಿಸಿದ ಜಾಗವದು. ಸಿರುಗುಪ್ಪದ ಹೆಸರೂ ಇಲ್ಲಿ ನೆನಪಿಗೆ ಬರುತ್ತದೆ. ಬ್ರಿಟಿಷರ ಕಾಲದ ಗ್ಯಾಸೆಟಿಯರು ಅದನ್ನು 'ಸಿರಿಯ ರಾಶಿ' ಎಂದು ಅರ್ಥೈಸಿ, ಊರಿನ ಸುತ್ತಲ ನೀರಾವರಿಯೊಡನೆ ಜೋಡಿಸಿದೆ. ಆ ಕುಪ್ಪೆಯೇ ತಮಿಳಿನಲ್ಲಿ ಕುಪ್ಪೈ, ಅಲ್ಲಿ ಕಸದ ಗುಡ್ಡೆ!

ರೈತನ ಲೆಕ್ಕದಲ್ಲಿ ಕಸವೂ ಸಿರಿಯೂ ದೂರವಿಲ್ಲ. ಅನೇಕ ಬೂದಿದಿಬ್ಬಗಳು ಇಂದು ಕರಗಿಹೋಗಿವೆ. ಅವುಗಳ ಮಣ್ಣನ್ನು ಗೊಬ್ಬರವೆಂದೇ ಗಾಡಿಗಳಲ್ಲಿ ಹೊಲಗಳಿಗೆ ಸಾಗಿಸಲಾಗಿದೆ.