ಸೇಬಿನ ಕಜ್ಜಿರೋಗ ಮತ್ತು ಪ್ರತಿರೋಧದ ಶೋಧ

ಸೇಬಿನ ಎಲೆ, ಕಾಯಿಗಳ ಮೇಲೆ ಕಂದುಗಪ್ಪು ಹುರುಕಾಗಿ ಕಾಣಿಸಿಕೊಂಡು ಫಸಲನ್ನೇ ಕೆಡಿಸುವ ಕಜ್ಜಿರೋಗಕ್ಕೆ ವೆಂಚೂರಿಯಾ ಇನಿಕ್ವಾಲಿಸ್ ಎಂಬ ಶಿಲೀಂಧ್ರ ಕಾರಣ. 1973ರಲ್ಲಿ ಕಾಶ್ಮೀರದ ತೋಟಗಳಲ್ಲಿ ವ್ಯಾಪಕವಾಗಿ ಹಬ್ಬಿದ್ದು ಇದೇ ರೋಗ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿ, ಮಲೆನಾಡಿನ ಅಡಿಕೆ ಬೆಳೆಗಾರರು ಇಂದಿಗೂ ಕೊಳೆರೋಗಕ್ಕೆ ಸಿಂಪಡಿಸುವ ಮೈಲುತುತ್ತ–ಸುಣ್ಣದ ಬೋರ್ಡೋ ದ್ರಾವಣವನ್ನೇ ಸೇಬಿನ ಬೆಳೆಗಾರರೂ ಬಹುಕಾಲ ನೆಚ್ಚಿಕೊಂಡಿದ್ದರು. ಕೆಲವು ಕಾಡುಸೇಬಿನ ಮರಗಳು ಮಾತ್ರ ಯಾವ ಸಿಂಪಡಣೆಯೂ ಇಲ್ಲದೆ ರೋಗಕ್ಕೆ ಬಗ್ಗದೆ ನಿಲ್ಲುತ್ತಿದ್ದುದರಿಂದ, ಅವುಗಳ ರಕ್ಷಣೆಯ ಮೂಲವನ್ನು ಮರದ ರಸಾಯನದಲ್ಲೇ ಹುಡುಕುವ ಪ್ರಯತ್ನಗಳು ನಡೆದವು.

ಶಂಕೆ ಮೊದಲು ಹೋದದ್ದು ಫ್ಲೋರಿಡ್ಜಿನ್ ಎಂಬ ಕಹಿ ಪದಾರ್ಥದ ಕಡೆಗೆ. 1835ರಲ್ಲಿ ಬೆಲ್ಜಿಯಂನ ರಸಾಯನಜ್ಞರು ಸೇಬಿನ ಬೇರಿನ ತೊಗಟೆಯಿಂದ ಬೇರ್ಪಡಿಸಿದ್ದ ಇದು, ಗ್ಲೂಕೋಸ್ ಬೆಸೆದುಕೊಂಡ ಒಂದು ಫೀನಾಲಿಕ್ ಸಂಯುಕ್ತ. ಜೀವಕೋಶ ಒಡೆದಾಗ ಕಿಣ್ವಗಳು, ಅಂದರೆ ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ಪ್ರೋಟೀನುಗಳು, ಈ ಗ್ಲೂಕೋಸನ್ನು ಕಳಚಿ, ಉಳಿದ ಭಾಗವನ್ನು ಉತ್ಕರ್ಷಿಸಿ, ಶಿಲೀಂಧ್ರಕ್ಕೆ ಮಾರಕವಾದ ಸಂಯುಕ್ತಗಳನ್ನಾಗಿಸುತ್ತವೆ ಎಂದು 1960ರ ದಶಕದಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ಕುಚ್ ಮತ್ತು ಸಹೋದ್ಯೋಗಿಗಳು ವಾದಿಸಿದರು. ಸೊಗಸಾದ ವಿವರಣೆಯಾದರೂ ಇದಕ್ಕೆ ಒಂದು ದೊಡ್ಡ ತೊಡಕಿತ್ತು: ರೋಗಕ್ಕೆ ಸುಲಭವಾಗಿ ತುತ್ತಾಗುವ ತಳಿಗಳಲ್ಲೂ ಫ್ಲೋರಿಡ್ಜಿನ್ ಹೇರಳವಾಗಿದೆ. ಶಿಲೀಂಧ್ರವು ಎಲೆಯ ಮೇಣದ ಪೊರೆಯನ್ನು ತೂರಿ, ಅದರ ಕೆಳಗೆ ಜೀವಕೋಶಗಳನ್ನು ಒಡೆಯದೆ ಹರಡಿಕೊಳ್ಳುತ್ತದೆ. ಕೋಶ ಒಡೆಯದಿದ್ದರೆ ಒಳಗಿನ ಫ್ಲೋರಿಡ್ಜಿನ್ ಕಿಣ್ವವನ್ನು ಸೇರುವುದೇ ಇಲ್ಲ.

ಪ್ರತಿರೋಧವಿರುವ ಎಲೆಯಲ್ಲಿ ನಡೆಯುವುದೇ ಬೇರೆ. ಇಲಿನಾಯ್‌ನಲ್ಲಿ 1910ರ ದಶಕದಲ್ಲಿ ಕ್ರಾಂಡಲ್ ಎಂಬ ತಳಿತಜ್ಞ ಮಾಲಸ್ ಫ್ಲೋರಿಬಂಡಾ 821 ಎಂಬ ಕಾಡುಸೇಬಿಗೂ ರೋಮ್ ಬ್ಯೂಟಿ ತಳಿಗೂ ನಡೆಸಿದ ಸಂಕರವನ್ನು 1940ರ ದಶಕದಲ್ಲಿ ಮತ್ತೆ ಪರಿಶೀಲಿಸಿದಾಗ, ರೋಗವಿರದ ಸಸಿಗಳು ಅದರಲ್ಲಿ ಕಂಡುಬಂದವು. ಆ ವಂಶದಿಂದ 1970ರಲ್ಲಿ 'ಪ್ರೈಮಾ' ತಳಿ ಬಿಡುಗಡೆಯಾಯಿತು. ಆ ಕಾಡುಸೇಬಿನ ಗುಣ ಬಲವಾಗಿ ಇಳಿದ ಎಲೆಗಳಲ್ಲಿ ಶಿಲೀಂಧ್ರ ತಾಗಿದೆಡೆಯ ಕೋಶಗಳು ತಾವಾಗಿಯೇ ಕುಸಿದು, ಸೂಜಿಮೊನೆಯಷ್ಟು ಕುಳಿ ಉಳಿದು, ಶಿಲೀಂಧ್ರ ಅಲ್ಲಿಗೇ ನಿಲ್ಲುತ್ತದೆ. ಇದಕ್ಕೆ ಕಾರಣವಾದ ವಂಶವಾಹಿಯು ಕೋಶದ ಹೊರಮೈಯಲ್ಲಿ ಶಿಲೀಂಧ್ರವನ್ನು ಗುರುತಿಸುವ ಪ್ರೋಟೀನಿನದು ಎಂಬುದು 2004ರಲ್ಲಿ, ಅದನ್ನು ರೋಗಕ್ಕೆ ತುತ್ತಾಗುವ ಗಾಲಾ ತಳಿಗೆ ಸೇರಿಸಿದಾಗ ಖಚಿತವಾಯಿತು. ವಿಷದ ದಾಸ್ತಾನಿಗಿಂತ ಶತ್ರುವನ್ನು ಬೇಗ ಗುರುತಿಸುವ ಶಕ್ತಿಯೇ ಇಲ್ಲಿ ನಿರ್ಣಾಯಕ. ಆದರೆ ಈ ಗುರುತಿಗೆ ಸಿಗದ ಶಿಲೀಂಧ್ರ ಪ್ರಭೇದಗಳು ಯುರೋಪಿನಲ್ಲಿ 1990ರ ದಶಕದಲ್ಲೇ ವರದಿಯಾಗಿದ್ದುದರಿಂದ, ತಳಿತಜ್ಞರು ಈಗ ಒಂದೇ ಮರದಲ್ಲಿ ಇಂಥ ಹಲವು ವಂಶವಾಹಿಗಳನ್ನು ಕೂಡಿಸುವ ಕೆಲಸದಲ್ಲಿ ತೊಡಗಿದ್ದಾರೆ.