ಸಂಶ್ಲೇಷಿತ ಡಿಎನ್ಎ ವಿನ್ಯಾಸ

ಬೇಕಾದ ಬೇಸ್ ಸರಣಿಯುಳ್ಳ ಡಿಎನ್ಎ ಎಳೆಗಳನ್ನು ಪ್ರಯೋಗಾಲಯದಲ್ಲಿ ತಯಾರಿಸಿ, ಅವುಗಳಿಂದ ಔಷಧ, ಸಂವೇದಕ ಹಾಗೂ ನ್ಯಾನೊ ಗಾತ್ರದ ರಚನೆಗಳನ್ನು ರೂಪಿಸುವ ವಿಜ್ಞಾನಶಾಖೆ. ಇಲ್ಲಿ ಡಿಎನ್ಎ ಆನುವಂಶಿಕ ಮಾಹಿತಿಯ ವಾಹಕವಷ್ಟೇ ಅಲ್ಲ, ಕಟ್ಟಡದ ಸಾಮಗ್ರಿಯೂ ಹೌದು. ಬೇಸ್‌ಗಳಲ್ಲಿ ಅಡೆನಿನ್ (ಎ) ಥೈಮಿನ್ (ಟಿ) ಜೊತೆಗೆ, ಗ್ವಾನಿನ್ ಸೈಟೋಸಿನ್ ಜೊತೆಗೆ ಜೋಡಿಯಾಗುವ ನಿಯಮವೇ ಇದರ ತಳಹದಿ. ಹೀಗೆ ಜೋಡಿಯಾದ ಎರಡು ಎಳೆಗಳು ರೂಪಿಸುವ ಜೋಡಿಸುರುಳಿಯ ಅಗಲ ಸುಮಾರು 2 ನ್ಯಾನೊಮೀಟರ್; ಸುಮಾರು ಹತ್ತೂವರೆ ಬೇಸ್ ಜೋಡಿಗಳಿಗೆ ಅದರ ಒಂದು ಸುತ್ತು ಮುಗಿಯುತ್ತದೆ. ಈ ಅಳತೆಗಳು ಮೊದಲೇ ಗೊತ್ತಿರುವುದರಿಂದ ಯಾವ ಎಳೆ ಎಲ್ಲಿ ಕೂಡಬೇಕು, ಎಲ್ಲಿ ತಿರುಗಬೇಕು ಎಂಬುದನ್ನು ಮುಂಚಿತವಾಗಿ ಲೆಕ್ಕ ಹಾಕಬಹುದು.

ಎಳೆಗಳ ತಯಾರಿಕೆ

ಜೋಡಿಸುರುಳಿಯ ರಚನೆಯನ್ನು 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಸೂಚಿಸಿದರು. ಡಿಎನ್ಎಯನ್ನು ಕೈಯಾರೆ ಕಟ್ಟುವ ಕೆಲಸದಲ್ಲಿ ದೊಡ್ಡ ಹೆಸರು ಭಾರತ ಮೂಲದ ಹರಗೋವಿಂದ ಖೊರಾನಾ ಅವರದು. ಅವರ ತಂಡ 1970ರಲ್ಲಿ ಯೀಸ್ಟಿನ ಒಂದು ಜೀನನ್ನು ಪೂರ್ತಿಯಾಗಿ ಸಂಶ್ಲೇಷಿಸಿತು; 1976ರಲ್ಲಿ ಬ್ಯಾಕ್ಟೀರಿಯಾದೊಳಗೆ ಕೆಲಸ ಮಾಡುವ ಕೃತಕ ಜೀನನ್ನೂ ತಯಾರಿಸಿತು. ಆಗ ಇಂಥ ಕೆಲಸಕ್ಕೆ ವರ್ಷಗಳೇ ಹಿಡಿಯುತ್ತಿದ್ದವು. 1980ರ ದಶಕದ ಆರಂಭದಲ್ಲಿ ಮಾರ್ವಿನ್ ಕ್ಯಾರುಥರ್ಸ್ ರೂಪಿಸಿದ ಫಾಸ್ಫೊರಮಿಡೈಟ್ ವಿಧಾನದಲ್ಲಿ ಘನ ಆಧಾರದ ಮೇಲೆ ಬೇಸ್‌ಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋಗಬಹುದು. ಕೆಲಸವನ್ನು ಯಂತ್ರಕ್ಕೂ ಒಪ್ಪಿಸಬಹುದು. ಆದರೆ ಉದ್ದಕ್ಕೆ ಮಿತಿಯುಂಟು. ಪ್ರತಿ ಹಂತವೂ ಶೇ. 99ರಷ್ಟು ಯಶಸ್ವಿಯಾದರೂ 100 ಬೇಸ್‌ಗಳ ಎಳೆಗಳಲ್ಲಿ ಪೂರ್ಣಗೊಳ್ಳುವವು ಸುಮಾರು ಶೇ. 37 ಮಾತ್ರ. ಹೀಗಾಗಿ ದೊಡ್ಡ ರಚನೆಗಳನ್ನು ಚಿಕ್ಕ ಎಳೆಗಳಿಂದಲೇ ಜೋಡಿಸಬೇಕಾಗುತ್ತದೆ.

ಸಂಶ್ಲೇಷಿತ ಎಳೆಗಳು ಡಿಎನ್ಎಯ ರಚನೆಯನ್ನು ಪರೀಕ್ಷಿಸಲೂ ನೆರವಾದವು. 1970ರ ದಶಕದಲ್ಲಿ ಜೋಡಿಸುರುಳಿಗೆ ಪರ್ಯಾಯ ಮಾದರಿಗಳು ಚರ್ಚೆಯಲ್ಲಿದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿ. ಶಶಿಶೇಖರನ್ ಅವರೂ ಅಂಥದೊಂದನ್ನು ಮುಂದಿಟ್ಟಿದ್ದರು. 1978ರಲ್ಲಿ ಅದೇ ಸಂಸ್ಥೆಯ ಎಂ. ಎ. ವಿಶ್ವಮಿತ್ರ ಮತ್ತು ಕೇಂಬ್ರಿಜ್‌ನ ಓಲ್ಗಾ ಕೆನಾರ್ಡ್ ಅವರ ತಂಡ ಎ, ಟಿ ಬೇಸ್‌ಗಳು ಸರದಿಯಂತೆ ಬರುವ ನಾಲ್ಕು ಬೇಸ್‌ಗಳ ಡಿಎನ್ಎ ತುಣುಕಿನ ಹರಳನ್ನು ಅಧ್ಯಯನ ಮಾಡಿ, ಅದರಲ್ಲಿ ವಾಟ್ಸನ್–ಕ್ರಿಕ್ ಬಗೆಯ ಜೋಡಿಯನ್ನು ಪರಮಾಣು ಮಟ್ಟದಲ್ಲಿ ಕಂಡಿತು.

ಆಕೃತಿಗಳ ವಿನ್ಯಾಸ

ಅಮೆರಿಕದ ಸ್ಫಟಿಕವಿಜ್ಞಾನಿ ನೆಡ್ರಿಯನ್ ಸೀಮನ್ 1982ರಲ್ಲಿ ಕವಲೊಡೆದ ಡಿಎನ್ಎ ಸಂಧಿಗಳನ್ನು ಜೋಡಿಸಿ ಮೂರು ಆಯಾಮದ ಜಾಲಗಳನ್ನು ಕಟ್ಟಬಹುದೆಂದು ಸೂಚಿಸಿದರು. ಸಂಧಿಯಿಂದ ಹೊರಚಾಚಿದ ಒಂಟಿ ಎಳೆಯ ತುದಿಗಳು ತಮಗೆ ಹೊಂದುವ ತುದಿಗಳನ್ನೇ ಹುಡುಕಿ ಹಿಡಿಯುತ್ತವೆ. 1991ರಲ್ಲಿ ಅವರ ಪ್ರಯೋಗಾಲಯ ಡಿಎನ್ಎಯಿಂದ ಘನಾಕೃತಿಯೊಂದನ್ನು ರಚಿಸಿತು. 2006ರಲ್ಲಿ ಪಾಲ್ ರಾಥಮಂಡ್ ‘ಡಿಎನ್ಎ ಒರಿಗಾಮಿ’ ವಿಧಾನವನ್ನು ಪ್ರಕಟಿಸಿದರು. ಇದರಲ್ಲಿ ಎಂ13 ವೈರಸ್ಸಿನ ಏಳು ಸಾವಿರಕ್ಕೂ ಹೆಚ್ಚು ಬೇಸ್‌ಗಳ ಒಂಟಿ ಎಳೆಯನ್ನು ಸುಮಾರು ಇನ್ನೂರು ಗಿಡ್ಡ ಎಳೆಗಳು ಟಾಕು ಹಾಕಿದಂತೆ ಅಲ್ಲಲ್ಲಿ ಹಿಡಿದು ಮಡಿಸುತ್ತವೆ. ಎಳೆಗಳ ಮಿಶ್ರಣವನ್ನು ಲವಣದ ದ್ರಾವಣದಲ್ಲಿ ಕಾಯಿಸಿ ನಿಧಾನವಾಗಿ ಆರಿಸಿದರೆ ಸುಮಾರು 100 ನ್ಯಾನೊಮೀಟರ್ ಅಗಲದ ನಕ್ಷತ್ರವೋ ನಗುಮುಖವೋ ತಾನಾಗಿಯೇ ಮೂಡುತ್ತದೆ.

ವೈದ್ಯಕೀಯ ಮತ್ತು ವಸ್ತುಗಳು

ರೋಗಕ್ಕೆ ಸಂಬಂಧಿಸಿದ ಆರ್‌ಎನ್ಎಗೆ ಅಂಟಿಕೊಂಡು ಅದರ ಕೆಲಸವನ್ನು ತಡೆಯುವ ಗಿಡ್ಡ ಡಿಎನ್ಎ ಎಳೆಗಳಿಗೆ ಆಂಟಿಸೆನ್ಸ್ ಎಂದು ಹೆಸರು. 1978ರಲ್ಲಿ ಪಾಲ್ ಝಾಮೆಚ್ನಿಕ್ ಮತ್ತು ಮೇರಿ ಸ್ಟೀಫನ್ಸನ್ ಇಂಥ ಎಳೆಯಿಂದ ವೈರಸ್ಸಿನ ಬೆಳವಣಿಗೆಯನ್ನು ತಡೆದು ತೋರಿಸಿದರು. 1998ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಫೋಮಿವಿರ್ಸೆನ್ ಈ ಬಗೆಯ ಮೊದಲ ಔಷಧ. ಏಡ್ಸ್ ರೋಗಿಗಳಲ್ಲಿ ಕಾಣುತ್ತಿದ್ದ ಕಣ್ಣಿನ ವೈರಸ್ ಸೋಂಕಿಗೆ ಅದನ್ನು ಬಳಸಲಾಗುತ್ತಿತ್ತು. ಇನ್ನೊಂದು ದಾರಿಯಲ್ಲಿ, ಅಹಮದಾಬಾದಿನ ಝೈಡಸ್ ಸಂಸ್ಥೆಯ ಝೈಕೋವ್-ಡಿ ಎಂಬ ಕೋವಿಡ್ ಲಸಿಕೆಗೆ 2021ರ ಆಗಸ್ಟ್‌ನಲ್ಲಿ ತುರ್ತು ಬಳಕೆಯ ಅನುಮತಿ ದೊರೆಯಿತು. ಮನುಷ್ಯರಿಗೆಂದು ಅನುಮತಿ ಪಡೆದ ಮೊದಲ ಡಿಎನ್ಎ ಲಸಿಕೆ ಇದು.

ವಸ್ತುವಿಜ್ಞಾನದಲ್ಲಿ ಡಿಎನ್ಎ ಮುಖ್ಯವಾಗಿ ಜೋಡಣೆಯ ಸಾಧನ. 1996ರಲ್ಲಿ ಡಿಎನ್ಎ ಎಳೆ ಅಂಟಿಸಿದ ಚಿನ್ನದ ನ್ಯಾನೊಕಣಗಳನ್ನು ಪೂರ್ವಯೋಜನೆಯಂತೆ ಒಟ್ಟುಗೂಡಿಸಲಾಯಿತು. 2012 ಮತ್ತು 2013ರಲ್ಲಿ ಪುಸ್ತಕದ ಪಠ್ಯ, ಚಿತ್ರ ಹಾಗೂ ಧ್ವನಿಯನ್ನು ಡಿಎನ್ಎಯಲ್ಲಿ ಬರೆದು ಮತ್ತೆ ಓದಿದ ಪ್ರಯೋಗಗಳು ದತ್ತಾಂಶ ಸಂಗ್ರಹದ ದಾರಿಯನ್ನು ತೆರೆದವು.

ಬೆಂಗಳೂರಿನ ಕೆಲಸ

ಭಾರತದಲ್ಲಿ ಈ ಕ್ಷೇತ್ರಕ್ಕೆ ಮನ್ನಣೆ ತಂದವರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿದ್ದ ಯಮುನಾ ಕೃಷ್ಣನ್ ಪ್ರಮುಖರು. 2009ರಲ್ಲಿ ಅವರ ತಂಡ ಐ-ಸ್ವಿಚ್ ಎಂಬ ಡಿಎನ್ಎ ಸಂವೇದಕವನ್ನು ಪ್ರಕಟಿಸಿತು. ಸೈಟೋಸಿನ್ ಹೆಚ್ಚಾಗಿರುವ ಎಳೆ ಆಮ್ಲೀಯ ಪರಿಸರದಲ್ಲಿ ಪ್ರೋಟಾನ್ ಪಡೆದು, ಸೈಟೋಸಿನ್‌ಗೆ ಸೈಟೋಸಿನ್ ಜೋಡಿಯಾಗಿ ಮಡಚಿಕೊಳ್ಳುತ್ತದೆ. ಆಗ ಎರಡು ತುದಿಗಳ ಹೊಳೆಯುವ ಬಣ್ಣದ ಅಣುಗಳು ಹತ್ತಿರವಾಗಿ ಹೊಮ್ಮುವ ಬೆಳಕಿನ ಬಣ್ಣ ಬದಲಾಗುತ್ತದೆ. ಹಣ್ಣುನೊಣದ ಜೀವಕೋಶಗಳಲ್ಲಿ ಈ ಸಾಧನ ಎಂಡೋಸೋಮ್ ಎಂಬ ಒಳಚೀಲಗಳ ಆಮ್ಲತೆಯನ್ನು ಅಳೆಯಿತು. 2011ರಲ್ಲಿ ಜೀವಂತ ಹುಳುವಿನ ದೇಹದೊಳಗೂ ಕೆಲಸ ಮಾಡಿತು. ಚಿನ್ನದ ಕಣಗಳನ್ನು ಒಳಗೆ ಹಿಡಿದಿಡಬಲ್ಲ ಇಪ್ಪತ್ತು ಮುಖಗಳ ಡಿಎನ್ಎ ಸಂಪುಟವೂ 2009ರದೇ. ಕೃಷ್ಣನ್ 2013ರಲ್ಲಿ ಭಟ್ನಾಗರ್ ಪ್ರಶಸ್ತಿ ಪಡೆದರು. 2014ರಲ್ಲಿ ಶಿಕಾಗೊ ವಿಶ್ವವಿದ್ಯಾಲಯಕ್ಕೆ ತೆರಳಿದರು.

ಮಾಟುಂಗದ ರಸಾಯನ

ದೇಹದ ನ್ಯೂಕ್ಲಿಯೇಸ್ ಕಿಣ್ವಗಳು ಬರಿಯ ಡಿಎನ್ಎಯನ್ನು ಬೇಗನೆ ತುಂಡರಿಸುತ್ತವೆ. ಜೀವಕೋಶದ ಪೊರೆಯನ್ನು ದಾಟುವುದೂ ಅದಕ್ಕೆ ಕಷ್ಟ. ಆದ್ದರಿಂದ ಔಷಧಕ್ಕೆ ಬಳಸುವ ಎಳೆಗಳ ಬೇಸ್, ಸಕ್ಕರೆ ಅಥವಾ ಬೆನ್ನೆಲುಬನ್ನು ಮಾರ್ಪಡಿಸುತ್ತಾರೆ. ಈ ಮಾರ್ಪಾಡು ನ್ಯೂಕ್ಲಿಯೋಸೈಡ್ ಎಂಬ ಬಿಡಿ ಘಟಕದಿಂದಲೇ ಶುರುವಾಗುತ್ತದೆ.

ಮುಂಬಯಿಯ ಮಾಟುಂಗದಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಟೆಕ್ನಾಲಜಿಯ ಕೆಲಸ ಇಲ್ಲಿಗೆ ಸಲ್ಲುತ್ತದೆ. ಬೊಂಬಾಯಿ ವಿಶ್ವವಿದ್ಯಾಲಯದ ವಿಭಾಗವಾಗಿ 1933ರಲ್ಲಿ ಆರಂಭವಾದ ಈ ಸಂಸ್ಥೆ ಹಳೆಯ ತಲೆಮಾರಿಗೆ ಯುಡಿಸಿಟಿ ಎಂದೇ ಪರಿಚಿತ. 2008ರಲ್ಲಿ ಅದಕ್ಕೆ ಪರಿಗಣಿತ (ಡೀಮ್ಡ್) ವಿಶ್ವವಿದ್ಯಾಲಯದ ಸ್ಥಾನ ದೊರೆಯಿತು. ಇಲ್ಲಿನ ಅನಂತ್ ಕಪ್ಡಿ ಅವರ ತಂಡ ಪಲೇಡಿಯಮ್ ವೇಗವರ್ಧಕದಿಂದ ನ್ಯೂಕ್ಲಿಯೋಸೈಡ್‌ಗಳನ್ನು ಮಾರ್ಪಡಿಸುವ ವಿಧಾನಗಳನ್ನು ರೂಪಿಸಿದೆ. ರಕ್ಷಕ ಗುಂಪುಗಳಿಲ್ಲದ ನ್ಯೂಕ್ಲಿಯೋಸೈಡ್‌ಗಳು ಅನೇಕ ಸಾವಯವ ದ್ರಾವಕಗಳಲ್ಲಿ ಸರಿಯಾಗಿ ಕರಗುವುದಿಲ್ಲ. ವೇಗವರ್ಧಕವನ್ನೇ ನೀರಿನಲ್ಲಿ ಕರಗುವಂತೆ ಮಾಡಿದರೆ ಕ್ರಿಯೆ ನೀರಿನಲ್ಲೇ ನಡೆಯುತ್ತದೆ. ಉದಾಹರಣೆಗೆ, ಥೈಮಿನ್‌ನಂತೆಯೇ ಅಡೆನಿನ್ ಜೊತೆ ಜೋಡಿಯಾಗುವ ಯುರಿಡಿನ್‌ನ ಐದನೆಯ ಸ್ಥಾನಕ್ಕೆ ಸೇರಿಸಿದ ಅಯೊಡಿನ್ ಪರಮಾಣುವನ್ನು ತೆಗೆದು ಅಲ್ಲಿ ಇಂಗಾಲದ ಹೊಸ ಗುಂಪೊಂದನ್ನು ಕೂಡಿಸಬಹುದು. ಈ ಸ್ಥಾನ ಜೋಡಿಯ ಹೈಡ್ರೊಜನ್ ಬಂಧಗಳಿಂದ ದೂರವಿರುವುದರಿಂದ, ಅಲ್ಲಿ ಹೊಳೆಯುವ ಅಣುವನ್ನು ಸೇರಿಸಿದರೂ ಅಡೆನಿನ್ ಜೊತೆಗಿನ ಜೋಡಿಗೆ ಸಾಮಾನ್ಯವಾಗಿ ಅಡ್ಡಿಯಾಗದು. ಹೀಗೆ ಗುರುತು ಹಚ್ಚಿದ ಘಟಕಗಳು ಸಂವೇದಕಗಳಿಗೂ ರೋಗಪತ್ತೆಯ ಎಳೆಗಳಿಗೂ ಬೇಕಾಗುತ್ತವೆ.

ತಯಾರಿಕೆಯ ವೆಚ್ಚ, ಶುದ್ಧತೆ, ದೇಹದೊಳಗಿನ ಬಾಳಿಕೆ ಮತ್ತು ರೋಗನಿರೋಧಕ ವ್ಯವಸ್ಥೆಯ ಪ್ರತಿಕ್ರಿಯೆ ಈ ಕ್ಷೇತ್ರದ ಮುಖ್ಯ ತೊಡಕುಗಳು. ಆಂಟಿಸೆನ್ಸ್ ಔಷಧಗಳು ಚಿಕಿತ್ಸೆಯಲ್ಲಿ ನೆಲೆಯೂರಿವೆ. ಮಡಿಸಿದ ಡಿಎನ್ಎ ರಚನೆಗಳ ಬಳಕೆ ಬಹುಪಾಲು ಸಂಶೋಧನೆಯಲ್ಲೇ ಇದೆ.